ಮುಂಬಯಿಯ ಕನ್ನಡ ತರಗತಿಗೆ ಮುಕ್ತ ಪಠ್ಯ ಜೋಡಿಸುವ ಬಗೆ

ಸೆಮಿಸ್ಟರ್ ಶುರುವಾದ ದಿನವೇ ವಾಟ್ಸ್ಆ್ಯಪ್ ಗುಂಪಿಗೆ ಇಪ್ಪತ್ತು ಲಿಂಕ್ ಸುರಿದರೆ ಯಾರೂ ಒಂದನ್ನೂ ತೆರೆಯುವುದಿಲ್ಲ. ವಾರಕ್ಕೆ ಒಂದೇ ಪಠ್ಯ ಕೊಡಿ. ಅದು ಹತ್ತು ಪುಟದೊಳಗಿರಲಿ, ನೆಟ್ ಇಲ್ಲದೆಯೂ ಫೋನಿನಲ್ಲಿ ತೆರೆಯುವ ಪಿಡಿಎಫ್ ಆಗಿರಲಿ. ವಿರಾರ್ ಲೋಕಲ್‌ನಲ್ಲಿ ನಿಂತೇ ಓದುವವರಿಗೆ ಇಷ್ಟು ಸಾಕು.

ಮೊದಲು ಕೃತಿಸ್ವಾಮ್ಯದ ಹಕ್ಕು ನೋಡಿ. ಪುಕ್ಕಟೆ ಸಿಕ್ಕಿದ್ದೆಲ್ಲ ಮುಕ್ತವಲ್ಲ, ಅಂದರೆ ಹಂಚಲು ಅನುಮತಿ ಇರುವಂಥದ್ದಲ್ಲ. ಯಾರೋ ಏರಿಸಿದ ಸ್ಕ್ಯಾನ್‌ಗೆ ಹಕ್ಕುದಾರರ ಒಪ್ಪಿಗೆಯೇ ಇಲ್ಲದಿರಬಹುದು. ಲೇಖಕರು ಬದುಕಿದ್ದಾಗ ಅಚ್ಚಾದ ಬರಹಕ್ಕೆ, ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಎಣಿಸಬೇಕು. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅವರ ಅಂಥ ಕವಿತೆಗಳು 2024ರ ಜನವರಿ 1ರಿಂದ ಎಲ್ಲರವು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ 2042ರವರೆಗೆ ಕಾಯಬೇಕು. ಕುಮಾರವ್ಯಾಸನ ಪದ್ಯಕ್ಕೆ ಆ ಗೊಡವೆಯೇ ಇಲ್ಲ, ಆದರೆ ಈಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿಗಳ ಹಕ್ಕು ಬೇರೆಯೇ. ಪುಟವನ್ನು ಇಡಿಯಾಗಿ ಸ್ಕ್ಯಾನ್ ಮಾಡಿದಾಗ ಅಡಿಟಿಪ್ಪಣಿಯೂ ಜೊತೆಗೆ ಹೋಗುತ್ತದೆ. ಬಹಳ ಮಂದಿ ಜಾರುವುದು ಇಲ್ಲೇ.

ಕ್ರಿಯೇಟಿವ್ ಕಾಮನ್ಸ್ (ಹಕ್ಕುದಾರರೇ ಬಳಕೆಗೆ ಮೊದಲೇ ಒಪ್ಪಿಗೆ ಕೊಡುವ ಪರವಾನಗಿ) ಗುರುತಿದ್ದರೆ ಅಕ್ಷರಗಳನ್ನು ಓದಿ. ಬಿವೈ ಎಂದರೆ ಹೆಸರು ಹೇಳಿ ಬಳಸಿ. ಎಸ್‌ಎ ಇದ್ದರೆ ನೀವು ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ಎನ್‌ಡಿ ಇದ್ದರೆ ಅನುವಾದಿಸಿ, ಬದಲಿಸಿ ಹಂಚುವಂತಿಲ್ಲ. ಪಾಠದ ಸಂದರ್ಭದಲ್ಲಿ ಪ್ರತಿ ಮಾಡಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಕರಿಗೆ ವಿನಾಯಿತಿ ಕೊಟ್ಟಿದೆ. ಅದನ್ನು ನೆಚ್ಚಿ ಫೈಲನ್ನು ಊರಿಗೆಲ್ಲ ಕಾಣುವ ಜಾಲತಾಣಕ್ಕೆ ಏರಿಸಬೇಡಿ.

ಪಠ್ಯಕ್ಕೆ ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಪುಸ್ತಕಗಳ ಜಾಲತಾಣ ಒಳ್ಳೆಯ ಜಾಗ. ಸ್ಕ್ಯಾನ್ ಪುಟ, ಟೈಪಾದ ಪಠ್ಯ ಎರಡೂ ಅಕ್ಕಪಕ್ಕ ಸಿಗುತ್ತವೆ. ಪುಟದ ಬಣ್ಣ ಹಸಿರಾದರೆ ಎರಡನೆಯ ಸುತ್ತಿನ ಪರಿಶೀಲನೆಯೂ ಆಗಿದೆ. ಹಳದಿಯಾದರೆ ಒಂದೇ ಸುತ್ತು. ಕೆಂಪನ್ನು ತರಗತಿಗೆ ತರಬೇಡಿ.

ಹಸಿರಾದರೂ ಗ್ರಂಥಾಲಯದ ಅಚ್ಚುಪ್ರತಿಯ ಜೊತೆ ಹೋಲಿಸಲೇಬೇಕು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಕ್ರಮದ ಕಪಾಟಿನಲ್ಲಿ ಕನ್ನಡ ಸಾಹಿತ್ಯ 894.814ರಲ್ಲಿದೆ. ಕಾಲೇಜಿನಲ್ಲಿ ಇಲ್ಲದಿದ್ದರೆ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಜವಾಹರಲಾಲ್ ನೆಹರೂ ಗ್ರಂಥಾಲಯದಲ್ಲಿ ವಿಚಾರಿಸಿ. ಯಂತ್ರ ಓದಿದ ಪಠ್ಯದಲ್ಲಿ ಒತ್ತಕ್ಷರ ಬಿದ್ದುಹೋಗುತ್ತದೆ, ಪ-ಷ ಅದಲುಬದಲಾಗುತ್ತವೆ, ಹಳಗನ್ನಡದ ಱ, ೞ ಮಾಯವಾಗುತ್ತವೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಕೂತರೆ ಕಣ್ಣಿಗೆ ತಿಳಿಯುವುದಿಲ್ಲ, ಹುಡುಕಿದರೆ ಪದವೇ ಸಿಗುವುದಿಲ್ಲ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫೈಲುಗಳನ್ನು ಎಲ್ಲ ಸಾಧನಗಳೂ ಓದುವ ಯೂನಿಕೋಡಿಗೆ ಪರಿವರ್ತಿಸದೆ ಅಂಟಿಸಿದರೆ ಫೋನಿನಲ್ಲಿ ಕಾಣುವುದು ಲ್ಯಾಟಿನ್ ಗೀಚು ಮಾತ್ರ.

ಮುಂಬಯಿ ಕರ್ನಾಟಕದ (ಈಗಿನ ಕಿತ್ತೂರು ಕರ್ನಾಟಕ) ಹಿನ್ನೆಲೆ ಹೇಳಲು ಮುಂಬಯಿ ಪ್ರಾಂತ್ಯದ ಗೆಝೆಟಿಯರ್, ಅಂದರೆ ಬ್ರಿಟಿಷ್ ಸರ್ಕಾರದ ಜಿಲ್ಲಾ ವಿವರಗ್ರಂಥ, ಇದೆ. ಧಾರವಾಡದ್ದು 22ನೇ ಸಂಪುಟ, 1884ರದು. ಹಕ್ಕಿನ ತೊಡಕಿಲ್ಲ. ಜಾತಿಗಳ ವರ್ಣನೆ ಮಾತ್ರ ಆಳುವವರ ಕಣ್ಣಿನದು, ಅದನ್ನೇ ಚರ್ಚೆಗೆ ಒಡ್ಡಿ.

ಸ್ಕ್ಯಾನ್ 300 ಡಿಪಿಐ, ಗ್ರೇಸ್ಕೇಲ್ ಇರಲಿ. ಬೈಂಡಿಂಗ್ ಮುರಿಯುವಂತೆ ಪುಸ್ತಕ ಒತ್ತಬೇಡಿ. ಪ್ರತಿ ಫೈಲಿನ ಕೊನೆಗೆ ಶೀರ್ಷಿಕೆ, ಲೇಖಕರು, ಮೂಲ, ಪರವಾನಗಿ, ತೆಗೆದ ದಿನಾಂಕ. ಅಚ್ಚುಪ್ರತಿಯನ್ನು ಕಾದಿರಿಸಲು ಗ್ರಂಥಪಾಲಕರಿಗೆ ತಿಂಗಳ ಮೊದಲೇ ಪಟ್ಟಿ ಕೊಡಿ: ಒಂದು ಪ್ರತಿ, ಅಲ್ಲೇ ಕೂತು ಓದಲು, ಒಬ್ಬರಿಗೆ ಎರಡು ಗಂಟೆ.