ಚಿತ್ರ ಬಿಡಿಸಿ ಹಣ ಗಳಿಸುವುದು: ಕಲಬುರಗಿ ಭಾಗದ ಹೊಸ ಕಲಾವಿದರಿಗೆ

ಕಲಬುರಗಿಯಲ್ಲಿ ಹೊಸದಾಗಿ ಕುಂಚ ಹಿಡಿದವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ, ಮನೆಯಲ್ಲಿ ಹತ್ತು ಹದಿನೈದು ಕ್ಯಾನ್ವಾಸು ಬರೆದಿಟ್ಟುಕೊಂಡು ಕೊಳ್ಳುವವರ ದಾರಿ ಕಾಯುವುದು. ಹೆಸರಾಗದವರ ಚಿತ್ರವನ್ನು ಕೇವಲ ಅಂದಕ್ಕಾಗಿ ಕೊಂಡು ಗೋಡೆಗೆ ಹಾಕುವ ರೂಢಿ ನಮ್ಮ ಕಡೆ ಇನ್ನೂ ಕಡಿಮೆ. ಆದರೆ ನಿವೃತ್ತಿ, ಗೃಹಪ್ರವೇಶ, ತೀರಿಕೊಂಡ ಹಿರಿಯರ ಪುಣ್ಯಸ್ಮರಣೆ, ಶಾಲೆಯ ಗೋಡೆ ಮುಂತಾದವುಗಳಿಗೆ ಜನ ತಾವಾಗಿಯೇ ಚಿತ್ರ ಬರೆಯುವವರನ್ನು ಹುಡುಕಿಕೊಂಡು ಬರುತ್ತಾರೆ. ಮೊದಲ ಒಂದೆರಡು ವರ್ಷ ಕಣ್ಣಿಡಬೇಕಾದದ್ದು ಇಂಥ ಕೆಲಸಗಳ ಮೇಲೆಯೇ. ಹೇಳಿಸಿಕೊಂಡು ಮಾಡುವ ಕೆಲಸ ಕಲೆಯೇ ಅಲ್ಲವೆಂಬ ಸಂಕೋಚ ಇರುವವರು, 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಎಸ್.ಎಂ. ಪಂಡಿತರನ್ನು ನೆನೆಯಬಹುದು. ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳನ್ನು ಬರೆದೇ ಹೆಸರಾದ ಅವರ ಹೆಸರನ್ನು ಊರಿನ ರಂಗಮಂದಿರ ಇಂದು ಹೊತ್ತಿದೆ.

ಭಾವಚಿತ್ರದಿಂದ ಆರಂಭಿಸುವುದು ಉತ್ತಮ, ಏಕೆಂದರೆ ಅದಕ್ಕೆ ಪೆನ್ಸಿಲು ಮತ್ತು ಒಳ್ಳೆಯ ಕಾಗದ ಬಿಟ್ಟರೆ ಬಂಡವಾಳವೇನೂ ಬೇಕಿಲ್ಲ. ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ, ತಿಂಗಳ ಮೊದಲ ದಿನ ಹುಟ್ಟಿದವರು ಮಾತ್ರ ಅದರ ಹಿಂದಿನ ತಿಂಗಳ ಕೊನೆಯ ದಿನವೇ. ಹಿಂದೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆಸುತ್ತಿದ್ದುದರಿಂದ ಮೇ 31ರಂದು ನಿವೃತ್ತರಾಗುವವರ ಸಂಖ್ಯೆ ದೊಡ್ಡದು. ಬೀಳ್ಕೊಡುಗೆಗೆ ಶಾಲು, ಹಾರ, ಗಡಿಯಾರಗಳ ಜೊತೆ ಒಂದು ಭಾವಚಿತ್ರವನ್ನೂ ಕೊಡಬಹುದೆಂಬ ಮಾತನ್ನು ಏಪ್ರಿಲ್ ಮೊದಲ ವಾರವೇ ಪರಿಚಯದ ಶಿಕ್ಷಕರ ಕಿವಿಗೆ ಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣ ನಮ್ಮ ವಿಭಾಗದ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವುದರಿಂದ, ಸಂಜೆ ಅವರ ಮನೆಗೇ ಹೋಗಿ ಮಾದರಿ ತೋರಿಸಲು ಅನುಕೂಲವೂ ಆಗುತ್ತದೆ.

ಮೂಲ ಫೋಟೋ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು. ನನ್ನ ಮೂರನೆಯ ಕೆಲಸ, ತೀರಿಕೊಂಡ ಒಬ್ಬ ರೈತರ ಚಿತ್ರ. ಮೊಮ್ಮಗ ಮೊಬೈಲಿನಲ್ಲಿ ತೆಗೆದ ಸೆಲ್ಫಿಯನ್ನು ನೋಡಿ ಎರಡು ವಾರ ಕುಳಿತು ಬರೆದೆ. ಮೀಸೆಯ ಒಂದೊಂದು ಎಳೆಯನ್ನೂ ಬಿಡಲಿಲ್ಲ. ಚೌಕಟ್ಟು ಹಾಕಿಸಿ ಒಯ್ದಾಗ ಮಗ ಬಹಳ ಹೊತ್ತು ನೋಡಿ, "ಮುಖ ನಮ್ಮ ಅಪ್ಪಂದೇ ಅದರಿ, ಆದ್ರ ಅವರು ರುಮಾಲಿನ ಚುಂಗು ಎಡಕ್ಕ ಬಿಡ್ತಿದ್ರು, ನೀವು ಬಲಕ್ಕ ಬಿಟ್ಟೀರಿ" ಎಂದರು. ಸೆಲ್ಫಿ ಕನ್ನಡಿಯಂತೆ ತಿರುಗಿ ಬಂದಿತ್ತು, ಅದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಕನಿಷ್ಠ ಮೂರು ಫೋಟೋ ಕೇಳುತ್ತೇನೆ, ಹಣೆಯ ವಿಭೂತಿ, ರುಮಾಲಿನ ಸುತ್ತು, ಮೂಗುತಿಯ ಬದಿ ಯಾವುದೆಂದು ಮನೆಯವರನ್ನೇ ಕೇಳಿ ಬರೆದುಕೊಳ್ಳುತ್ತೇನೆ, ಮತ್ತು ತಿಳಿ ರೇಖೆಯ ಕರಡನ್ನು ತೋರಿಸಿ ಒಪ್ಪಿಗೆ ಪಡೆಯದೆ ಛಾಯೆ ತುಂಬುವುದಿಲ್ಲ.

ಬೆಲೆ ಕಟ್ಟುವಾಗ ನಾಲಿಗೆ ತೊದಲುವುದು ಎಲ್ಲರಿಗೂ ಸಹಜ, ಆದ್ದರಿಂದ ಲೆಕ್ಕವನ್ನು ಮೊದಲೇ ಕಾಗದದ ಮೇಲೆ ಮಾಡಿಟ್ಟುಕೊಳ್ಳಬೇಕು. ಉದಾಹರಣೆಗೆ, ಎ3 ಅಳತೆಯ ಒಂದು ಪೆನ್ಸಿಲ್ ಭಾವಚಿತ್ರಕ್ಕೆ 12 ಗಂಟೆ ಹಿಡಿಯುತ್ತದೆ, ಗಂಟೆಗೆ 100 ರೂಪಾಯಿ ಎಂದುಕೊಳ್ಳೋಣ: ಕೂಲಿ 1,200, ಕಾಗದ ಪೆನ್ಸಿಲಿಗೆ 100, ಗಾಜಿನ ಚೌಕಟ್ಟಿಗೆ 600, ಒಟ್ಟು 1,900, ಓಡಾಟಕ್ಕೂ ಕೆಟ್ಟರೆ ಮತ್ತೆ ಬರೆಯುವುದಕ್ಕೂ ಶೇ 10 ಸೇರಿಸಿದರೆ 2,090. ಚೌಕಟ್ಟಿನ ದರವನ್ನು ಅಂಗಡಿಯಲ್ಲಿ ಕೇಳಿಯೇ ಹಾಕಬೇಕು, ಊಹೆಯಿಂದ ಹಾಕಿದವರು ಕೈಯಿಂದ ಕಟ್ಟುತ್ತಾರೆ. ಗಂಟೆಯ ದರ ನಿಮ್ಮ ಕೈಪಳಗಿದಂತೆ ಏರಲಿ, ಆದರೆ ಒಬ್ಬ ಗೌಂಡಿಯ ದಿನಗೂಲಿಗಿಂತ ನಿಮ್ಮ ದಿನ ಅಗ್ಗವಾಗದಿರಲಿ. ಅರ್ಧ ಹಣ ಮುಂಗಡ, ಉಳಿದದ್ದು ಚಿತ್ರ ಕೊಡುವಾಗ ಎಂಬುದು ಸಂಬಂಧಿಕರಿಗೂ ಅನ್ವಯಿಸಬೇಕು. ನನ್ನ ಅನುಭವದಲ್ಲಿ ಬಾಕಿ ಉಳಿಸಿಕೊಂಡವರಲ್ಲಿ ಅಪರಿಚಿತರಿಗಿಂತ ಅವರೇ ಹೆಚ್ಚು.

ಹೊಸಬರಿಗೆ ಸಾಮಾನ್ಯವಾಗಿ ತಿಳಿಯದ ಇನ್ನೊಂದು ಸಂಗತಿಯಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಆ ಚಿತ್ರವನ್ನು ಮುಂದೆ ಮುದ್ರಿಸಿ ಮಾರುವ ಅಥವಾ ಪ್ರದರ್ಶನದಲ್ಲಿಡುವ ಯೋಚನೆ ಇದ್ದರೆ, ಮುಂಗಡ ಪಡೆಯುವ ದಿನವೇ ಹಕ್ಕು ನಿಮ್ಮಲ್ಲಿಯೇ ಉಳಿಯುತ್ತದೆಂದು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು ಒಳ್ಳೆಯದು. ನೀವಾಗಿಯೇ ಬರೆದು ಮಾರಿದ ಚಿತ್ರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಭಾವಚಿತ್ರದ ನಂತರ ಬರುವುದು ಗೋಡೆ. ಅಂಗನವಾಡಿ, ಶಾಲೆ, ಪಂಚಾಯಿತಿಗಳ ಗೋಡೆಬರಹಕ್ಕೆ ಚದರಡಿಯ ಲೆಕ್ಕದಲ್ಲಿ ದರ ಹೇಳುತ್ತಾರೆ: 10 ಅಡಿ ಉದ್ದ, 6 ಅಡಿ ಎತ್ತರದ ಗೋಡೆಯೆಂದರೆ 60 ಚದರಡಿ, ಮತ್ತು ದರದಲ್ಲಿ ಬಣ್ಣ ಸೇರಿದೆಯೇ ಇಲ್ಲವೇ ಎಂಬುದನ್ನು ಮೊದಲೇ ಬಿಡಿಸಿ ಮಾತಾಡಬೇಕು. ಹಳ್ಳಿಗಳಲ್ಲಿ ಸುಣ್ಣ ಹಚ್ಚಿದ ಗೋಡೆಗಳೇ ಹೆಚ್ಚು. ಒಂದು ತುಂಡು ಸೆಲ್ಲೊಟೇಪನ್ನು ಒತ್ತಿ ಅಂಟಿಸಿ, ಜೋರಾಗಿ ಎಳೆದು ನೋಡಿ. ಬಿಳಿಪುಡಿ ಅಂಟಿಕೊಂಡು ಬಂದರೆ ಸುಣ್ಣವನ್ನು ಕೆರೆದು ಪ್ರೈಮರ್ ಹಚ್ಚದೆ ಏನನ್ನೂ ಬರೆಯಬೇಡಿ, ಇಲ್ಲವಾದರೆ ಮೊದಲ ಮಳೆಗಾಲಕ್ಕೇ ನಿಮ್ಮ ನವಿಲು ಚಕ್ಕೆಯಾಗಿ ಉದುರುತ್ತದೆ. ಕೆರೆಯುವ ಕೂಲಿಯನ್ನು ಬೇರೆಯಾಗಿ ಬರೆಯಿರಿ. ಬೇಸಿಗೆಯಲ್ಲಿ ಗೋಡೆಯೇ ಕಾದಿರುವುದರಿಂದ ಬಣ್ಣ ಹರಡುವ ಮೊದಲೇ ಒಣಗಿ ಕುಂಚದ ಗೆರೆ ಉಳಿಯುತ್ತದೆ, ಆದ್ದರಿಂದ ಬೆಳಿಗ್ಗೆ 10ರೊಳಗೆ ಅಥವಾ ನೆರಳು ಬಿದ್ದ ಮೇಲೆಯೇ ಕೆಲಸ.

ಪಾಠ ಹೇಳುವುದೂ ಸ್ಥಿರವಾದ ಆದಾಯವೇ, ಅದರಲ್ಲೂ ಲೋವರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವವರಿಗೆ. ನೀವೇ ಆ ಪರೀಕ್ಷೆ ಪಾಸಾಗಿದ್ದರೆ ಪೋಷಕರು ಬೇಗ ನಂಬುತ್ತಾರೆ.

ಇಷ್ಟೆಲ್ಲ ಮಾಡುತ್ತಲೇ ವಾರಕ್ಕೊಂದು ದಿನವಾದರೂ ಸ್ವಂತ ಚಿತ್ರಕ್ಕೆ ಮೀಸಲಿಡಬೇಕು, ಅದಕ್ಕೆ ವಸ್ತು ಹುಡುಕಿ ದೂರ ಹೋಗಬೇಕಿಲ್ಲ. ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಬಣ್ಣದ ಹೆಂಚು, ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಕಮಾನುಗಳ ಸಾಲು, ಶಹಾಬಾದ ಪರ್ಸಿ ಹಾಸಿದ ಅಂಗಳ, ಇವೆಲ್ಲ ಅಂಚೆಕಾರ್ಡಿನ ಅಳತೆಯಲ್ಲಿಯೂ ಚೆನ್ನಾಗಿ ಕೂರುತ್ತವೆ. ಸುರಪುರದ ಚಿಕಣಿ ಚಿತ್ರಗಳ ಚಿನ್ನದ ರೇಕಿನ ಕೆಲಸವನ್ನು ಬಲ್ಲವರಿಂದ ಕಲಿತರೆ ಇನ್ನೂ ಒಳ್ಳೆಯದು, ಆದರೆ ಅದಕ್ಕೆ ತಾಳ್ಮೆ ಬೇಕು, ಆರು ತಿಂಗಳಲ್ಲಿ ಹಣ ತರುವ ಕೆಲಸ ಅದಲ್ಲ. ಚಿತ್ರದ ಫೋಟೋ ತೆಗೆಯುವಾಗ ಗಾಜು ಹಾಕಿಸುವ ಮೊದಲೇ, ಬೆಳಗಿನ ಹೊತ್ತು ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ತೆಗೆದು ಇನ್‌ಸ್ಟಾಗ್ರಾಮಿಗೂ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಹಾಕಿ. ನಮ್ಮಲ್ಲಿ ಎರಡನೆಯದರಿಂದಲೇ ಹೆಚ್ಚು ಕೆಲಸ ಬರುತ್ತದೆ.

ಇಪ್ಪತ್ತು ಮೂವತ್ತು ಒಳ್ಳೆಯ ಚಿತ್ರಗಳು ಕೈಯಲ್ಲಿರುವಾಗ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ಅರ್ಜಿ ಹಾಕಬಹುದು. ರೈಲಿನಲ್ಲಿ ಒಯ್ಯುವಾಗ ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ, ಬಣ್ಣದ ಮುಖ ಹೊರಗೆ ಬರುವಂತೆ ಅಗಲವಾಗಿ ಸುತ್ತಿ, ನಡುವೆ ಬೆಣ್ಣೆಕಾಗದ ಇಟ್ಟು ದಪ್ಪ ಪಿವಿಸಿ ಪೈಪಿನೊಳಗೆ ಸೇರಿಸಬೇಕು. ಒಳಮುಖವಾಗಿ ಬಿಗಿಯಾಗಿ ಸುತ್ತಿದರೆ ಬಣ್ಣ ಮಡಿಚಿಕೊಂಡು ಬಿರುಕು ಬಿಡುತ್ತದೆ. ಪೈಪಿನ ಮೇಲೆ ಹೆಸರು, ಫೋನ್ ನಂಬರು ಬರೆದು, ಸೀಟಿನ ಕೆಳಗೆ ತಳ್ಳದೆ ಮೇಲಿನ ಬರ್ತಿನ ತಲೆಭಾಗದಲ್ಲಿ ಇಟ್ಟುಕೊಂಡು ಮಲಗಿ.