ಡಿಕ್ಕಿ ಕಡೆಯಿಂದ ರೋಗಿ ಹತ್ತಿಸುವ ಅಂಬಾಸಿಡರ್

ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಗಾಡಿ ನಿಂತಿತ್ತು. ಮೇಲೆ ಗೋಣಿಚೀಲದ ರಾಶಿ, ಒಳಗೆ ಕೋಳಿ ಕಾವಿಗೆ ಕೂತಿತ್ತು. 1972ರ ಅಂಬಾಸಿಡರ್ ಮಾರ್ಕ್ 2. ಮುಂದಿನಿಂದ ನೋಡಿದರೆ ಮಾಮೂಲಿ ಅಂಬಾಸಿಡರೇ. ಹಿಂದೆ ಹೋದರೆ ಡಿಕ್ಕಿಯೇ ಇಲ್ಲ! ಟಾಪನ್ನು ಕೊನೆವರೆಗೂ ಎಳೆದು, ಸ್ಟೇಷನ್ ವ್ಯಾಗನ್ ಥರ ಒಂದೇ ದೊಡ್ಡ ಬಾಗಿಲು ಕೂರಿಸಿದ್ದರು. ಎಸ್ಟೇಟಿನ ಆಸ್ಪತ್ರೆಗೆ ಆಗ ಇದೊಂದೇ ಆಂಬುಲೆನ್ಸ್. 108 ನಮ್ಮ ರಾಜ್ಯಕ್ಕೆ ಬಂದಿದ್ದೇ 2008ರಲ್ಲಿ, ಅಲ್ವಾ?

ನಂದು ಹಾಸನದಲ್ಲಿ ಟಿಂಕರಿಂಗ್ ಗ್ಯಾರೇಜು. ಗಾಡಿ ಮೊದಲಿನ ಹಾಗೇ ಆಗಬೇಕು ಅಂತ ಎಸ್ಟೇಟಿನವರು ತಂದುಬಿಟ್ಟರು.

ಇಂಜಿನ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ. 1489 ಸಿಸಿ ಪೆಟ್ರೋಲ್, ಜಾಮ್ ಆಗಿತ್ತು. ಪ್ಲಗ್ ತೂತಿನಲ್ಲಿ ಡೀಸೆಲ್ ಬಿಟ್ಟು ನಾಲ್ಕು ದಿನ ಕಾದೆವು, ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿದೆವು, ಬಿಟ್ಟುಕೊಂಡಿತು. ತಲೆನೋವು ಇದ್ದಿದ್ದೆಲ್ಲ ಹಿಂಭಾಗದಲ್ಲಿ.

ಅಂಬಾಸಿಡರ್‌ಗೆ ಲಾರಿ ಥರ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಹಿಂದಿನ ಬಾಗಿಲ ಚೌಕಟ್ಟು ತುಕ್ಕು ಹಿಡಿದು ಹಪ್ಪಳ ಆಗಿತ್ತು. ನಾನು ಅವಸರಕ್ಕೆ ಬಿದ್ದು ಕೊಳೆತ ತಗಡನ್ನೆಲ್ಲ ಒಂದೇ ಸಲ ಕತ್ತರಿಸಿ ಹಾಕಿದೆ. ಮಾರನೇ ದಿನ ನೋಡಿದರೆ ಪಕ್ಕದ ಬಾಗಿಲುಗಳು ಕೂರುತ್ತಿಲ್ಲ. ಹಿಂಭಾಗ ಅರ್ಧ ಇಂಚು ಇಳಿದಿತ್ತು. ಇಪ್ಪತ್ತು ವರ್ಷದ ಅನುಭವ ಇಟ್ಟುಕೊಂಡು ಹೀಗೆ ಮಾಡಿದೆನಲ್ಲ ಅಂತ ನಾಚಿಕೆ ಆಯಿತು. ಆಮೇಲೆ ಒಳಗೆ ಅಡ್ಡಡ್ಡ ಕಬ್ಬಿಣದ ಪೈಪು ಕೊಟ್ಟು, ಜಾಕಿಯಿಂದ ಎತ್ತಿ, ಬಾಗಿಲುಗಳನ್ನು ಹಾಕಿದ ಹಾಗೇ ಗೇಣಗೇಣ ತಗಡು ಬದಲಿಸುತ್ತಾ ಬಂದೆ. ಒಂದೊಂದು ವೆಲ್ಡಿಂಗ್ ಆದಮೇಲೂ ಬಾಗಿಲು ತೆಗೆದು ಮುಚ್ಚಿ ನೋಡೋದು. ಅದಕ್ಕೇ ಮೂರು ವಾರ ಹೋಯಿತು.

ಒಳಗೆ ಟಾಪಿನ ಪಕ್ಕ, ಎಡಗಡೆ ಮುಂದಿನ ಬಾಗಿಲ ಮೇಲೆ ಎರಡು ಸ್ಕ್ರೂ ತೂತು ಇದ್ದವು. ಯಾತಕ್ಕೋ ಏನೋ, ಪುಟ್ಟಿ ಹಾಕಿ ಮುಚ್ಚಿದೆ.

ಸ್ಟ್ರೆಚರ್ ಎಲ್ಲಿ ಕೂರುತ್ತೆ ಅಂತ ನನಗೂ ಮೊದಲು ಗೊತ್ತಾಗಲಿಲ್ಲ. ಗಾಡಿ ಓಡಿಸುತ್ತಿದ್ದ ಡ್ರೈವರ್ ಅಜ್ಜ ಇನ್ನೂ ಗಟ್ಟಿಯಾಗಿದ್ದರು, ಕರೆಸಿದೆವು. ಅವರು ಬಂದವರೇ ಹಿಂದಿನ ಬಾಗಿಲು ಎತ್ತಿ, ಎಡಗಡೆಯ ಎರಡು ಕಬ್ಬಿಣದ ಹಳಿಗಳ ಮೇಲೆ ಬೆರಳು ಆಡಿಸಿದರು. ಸ್ಟ್ರೆಚರಿನ ಗಾಲಿ ಉಜ್ಜಿ ಉಜ್ಜಿ ಅಲ್ಲಿ ನುಣ್ಣನೆ ಕುಳಿ ಬಿದ್ದಿತ್ತು. ಎಡಗಡೆ ಮುಂದಿನ ಸೀಟು ಇಲ್ಲವೇ ಇಲ್ಲ. ರೋಗಿಯ ತಲೆ ಡ್ಯಾಶ್‌ಬೋರ್ಡಿನ ಹತ್ತಿರ, ಕಾಲು ಹಿಂದಿನ ಬಾಗಿಲಿಗೆ. ನರ್ಸ್ ಬಲಗಡೆ ಹಿಂದಿನ ಸೀಟಲ್ಲಿ. ಗೇರ್ ಸ್ಟೀರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ಇದೆಲ್ಲ ಸಾಧ್ಯವಾಯಿತು. ಗೇರ್ ಕಡ್ಡಿ ನೆಲದಲ್ಲಿ ಇದ್ದಿದ್ದರೆ ಡ್ರೈವರ್ ಕೈ ರೋಗಿಯ ಕಿವಿಗೆ ತಾಗುತ್ತಿತ್ತು.

ಅಜ್ಜ ಬಗ್ಗಿ ಹಿಂದಿನ ಲೀಫ್ ಸ್ಪ್ರಿಂಗ್ ನೋಡಿ, "ಇದ್ಯಾರಪ್ಪ ಪ್ಲೇಟ್ ಜಾಸ್ತಿ ಹಾಕಿದ್ದು? ತೆಗಿ" ಅಂದರು. ಆಂಬುಲೆನ್ಸ್ ಕೆಲಸ ನಿಂತಮೇಲೆ ಗೊಬ್ಬರದ ಮೂಟೆ ಹೊರೋಕೆ ಸೇರಿಸಿದ್ದಂತೆ. ಮೂಟೆಗೆ ಸರಿ. ಮಲಗಿದವರಿಗೆ ಪ್ರತಿ ಗುಂಡಿಯಲ್ಲೂ ಸೊಂಟಕ್ಕೆ ಗುದ್ದಿದ ಹಾಗೆ. ತೆಗೆದೆ.

ಹಳೇ ಸ್ಟೇಷನ್ ವ್ಯಾಗನ್ ರಿಪೇರಿ ಮಾಡುವವರು ಮರೆಯಬಾರದ ವಿಷಯ ಹೊಗೆ. ಹಿಂಭಾಗ ಗೋಡೆಯ ಹಾಗೆ ನೆಟ್ಟಗಿರುವ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿ ಸುಳಿಯುತ್ತೆ. ಸೈಲೆನ್ಸರ್ ಹೊಗೆ ಆ ಸುಳಿಗೆ ಸಿಕ್ಕಿ ವಾಪಸ್ ಬಾಗಿಲ ಸಂದಿಯಿಂದ ಒಳಗೆ ಬರುತ್ತೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉಸಿರಾಟದ ತೊಂದರೆ ಇರುವವರನ್ನು ಅಲ್ಲೇ ಮಲಗಿಸಿ ಕರೆದೊಯ್ದರೆ ಗತಿ ಏನು? ಹೊಸ ರಬ್ಬರ್ ಬೀಡಿಂಗ್ ಹಾಕಿದೆ. ಹತ್ತು ರೂಪಾಯಿ ನೋಟನ್ನು ಸಂದಿಗೆ ಇಟ್ಟು ಬಾಗಿಲು ಮುಚ್ಚಿ ಎಳೆದೆ. ಕೆಳಗಿನ ಮೂಲೆಯಲ್ಲಿ ಸಲೀಸಾಗಿ ಬಂದುಬಿಟ್ಟಿತು. ಕೀಲು ಸರಿಮಾಡಿ, ಸುತ್ತಲೂ ನೋಟು ಬಿಗಿಯಾಗಿ ನಿಲ್ಲುವವರೆಗೂ ಬಿಡಲಿಲ್ಲ. ಸೈಲೆನ್ಸರ್ ಬಾಯಿಯನ್ನೂ ಪಕ್ಕಕ್ಕೆ ತಿರುಗಿಸಿದೆ. ಮೊದಲಿನ ಹಾಗೇ ಇರಬೇಕು ಅನ್ನುವ ಮಾತನ್ನು ಇಲ್ಲಿ ನಾನು ಮೀರಿದೆ.

ಬಣ್ಣ ಬಿಳಿ. ಪಕ್ಕದಲ್ಲಿ ಹಳೇ ರೆಡ್ ಕ್ರಾಸ್ ಗುರುತು ಮಸುಕಾಗಿ ಕಾಣುತ್ತಿತ್ತು, ಅದನ್ನು ಮತ್ತೆ ಬರೆಸಲಿಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಆ ಗುರುತು ಬಳಸುವ ಹಾಗಿಲ್ಲ. ಸುಮ್ನೆ 'ಆಂಬುಲೆನ್ಸ್' ಅಂತ ಕೆಂಪಿನಲ್ಲಿ ಬರೆಸಿದೆವು. ಮೇಲಿನ ದೀಪಕ್ಕೆ ವೈರ್ ಕೊಟ್ಟಿಲ್ಲ.

ಕೊನೆಗೆ ಟ್ರಯಲ್. ಅಜ್ಜ ಸ್ಟೀರಿಂಗ್ ಹಿಡಿದರು, ನನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಬೆಲ್ಟ್ ಬಿಗಿದರು. ಎಸ್ಟೇಟ್ ರಸ್ತೆ ಶುರುವಾಯಿತು. "ಎಡಕ್ಕೆ ತಿರುವು, ಹಿಡ್ಕೊಳಿ." ಸ್ವಲ್ಪ ದೂರ ಹೋದಮೇಲೆ, "ಮೋರಿ ಬಂತು, ಹಿಡ್ಕೊಳಿ." ಯಾವಾಗಲೂ ನನ್ನನ್ನು ನೀನು ಅನ್ನುವ ಮನುಷ್ಯ! ಹಳೇ ಅಭ್ಯಾಸ, ಅವರಿಗೇ ಗೊತ್ತಾಗುತ್ತಿರಲಿಲ್ಲ. ಮೂರನೇ ತಿರುವಿಗೆ ನಾನೂ ಕೈ ಮೇಲಕ್ಕೆತ್ತಿ ತಡಕಾಡಿದೆ. ಏನೂ ಸಿಗಲಿಲ್ಲ. ನಾನು ಪುಟ್ಟಿ ಹಾಕಿ ಮುಚ್ಚಿದ ಎರಡು ತೂತು ಸರಿಯಾಗಿ ಅಲ್ಲೇ ಇದ್ದವು.

ಮಾರನೇ ದಿನ ಡ್ರಿಲ್ ತಗೊಂಡು ಹೋದೆ.