ಸಂಜೆ ಏಳರ ಆ ಅರ್ಧ ಗಂಟೆ

ಕುಡಿತ ಬಿಟ್ಟವರಿಗೆ ದಿನವಿಡೀ ಕಷ್ಟ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನನಗಂತೂ ಹಾಗಿರಲಿಲ್ಲ. ಕಾಟ ಕೊಡುತ್ತಿದ್ದದ್ದು ಸಂಜೆ ಏಳರ ಹೊತ್ತು. ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಾಗಲೇ ಬಾಯಿ ಒಣಗುತ್ತಿತ್ತು, ಕೈ ಸುಮ್ನೆ ಇರುತ್ತಿರಲಿಲ್ಲ.

ಆ ಚಡಪಡಿಕೆ ಅಲೆಯ ಹಾಗೆ. ಏರುತ್ತದೆ, ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಇಳಿಯುತ್ತದೆ. ಇದು ಗೊತ್ತಾದ ಮೇಲೆ ನಾನು ಜನ್ಮದ ಶಪಥ ಮಾಡುವುದನ್ನೇ ಬಿಟ್ಟೆ. ಅರ್ಧ ಗಂಟೆ ತಳ್ಳಿದರೆ ಸಾಕು, ಅಲ್ವಾ? ಮನೆಗೆ ಬಂದ ತಕ್ಷಣ ಊಟ ಮಾಡುತ್ತಿದ್ದೆ. ಹೊಟ್ಟೆ ಖಾಲಿ ಇದ್ದರೆ ಆಸೆ ಜಾಸ್ತಿ. ಆಮೇಲೆ ಸ್ನಾನ. ಅದಕ್ಕೂ ಬಗ್ಗದಿದ್ದರೆ ಒಬ್ಬ ಗೆಳೆಯನಿಗೆ ಫೋನ್. "ಬುದ್ಧಿ ಹೇಳಬೇಡ, ಏನಾದರೂ ಮಾತಾಡ್ತಾ ಇರು" ಅಂತ ಅವನಿಗೆ ಮೊದಲೇ ಹೇಳಿಟ್ಟಿದ್ದೆ. ಪಾಪ, ಎಷ್ಟೋ ದಿನ ಬರೀ ಕ್ರಿಕೆಟ್ ಕಥೆ ಹೇಳಿದ. ಹಳೇ ಕುಡಿತದ ಗುಂಪಿನ ನಂಬರುಗಳನ್ನು ಅಳಿಸಿದೆ. ಬೇಜಾರಾಯಿತು, ಆದರೂ ಅಳಿಸಿದೆ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಒಬ್ಬರೇ ಮನೆಯಲ್ಲಿ ದಿಢೀರನೆ ನಿಲ್ಲಿಸಬೇಡಿ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ಗೊಂದಲ ಶುರುವಾಗಿ ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ಹತ್ತಿರ ಹೋಗಿ, ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ. ಹೆರಾಯಿನ್‌ನಂಥ ಡ್ರಗ್ಸ್ ಬಿಟ್ಟವರಿಗೆ ಅಪಾಯ ಬೇರೆ ಥರ. ಸ್ವಲ್ಪ ದಿನ ಬಿಟ್ಟರೂ ದೇಹದ ತಾಳಿಕೆ ಇಳಿದಿರುತ್ತದೆ. ಹಳೇ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಇದನ್ನು ಮನೆಯವರಿಗೂ ಹೇಳಿಡಿ.